ಕೋವಿ ಅಂಗಡಿಯ ದಫ್ತರ: ದಕ್ಷಿಣ ಕೊಡಗಿನ ಒಂದು ರಿಪೇರಿ ಮತ್ತು ಠೇವಣಿ ಸೇವೆಯ ವಿಮರ್ಶೆ

ಕೋವಿ ಅಂಗಡಿಯ ಗುಣವನ್ನು ಅಳೆಯಬೇಕಾದರೆ ಗಾಜಿನ ಕಪಾಟಿನಲ್ಲಿ ಎಷ್ಟು ಹೊಸ ಮಾದರಿಗಳಿವೆ, ತೋಟಾ ದಾಸ್ತಾನು ಎಷ್ಟಿದೆ ಎಂಬುದಕ್ಕಿಂತ ಮೊದಲು ಅದರ ದಫ್ತರವನ್ನು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ವಿರಾಜಪೇಟೆ ಕಡೆಯ ಒಂದು ಹಳೆಯ ಅಂಗಡಿಗೆ ನಮ್ಮ ಒಕ್ಕದ (ಕೊಡವ ಮನೆತನದ) ಕೋವಿಗಳನ್ನು ರಿಪೇರಿಗೂ ಠೇವಣಿಗೂ ಹಲವು ವರ್ಷಗಳಿಂದ ಕೊಡುತ್ತಾ ಬಂದಿದ್ದೇನೆ. ವೃತ್ತಿಯಲ್ಲಿ ವಕೀಲನಾಗಿರುವುದರಿಂದ ಕೋವಿಗೆ ಸಂಬಂಧಿಸಿದ ಮೊಕದ್ದಮೆಗಳಲ್ಲಿ ವಿಧಿವಿಜ್ಞಾನ ತಜ್ಞರ ವರದಿಗಳನ್ನು ಓದಿದ್ದೇನೆ, ಅವರನ್ನು ಪಾಟೀಸವಾಲಿಗೆ ಒಳಪಡಿಸಿದ್ದೇನೆ. ಈ ಎರಡು ಅನುಭವಗಳನ್ನು ಒಟ್ಟಿಗಿಟ್ಟುಕೊಂಡು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಆಯುಧಗಳ ದಾಸ್ತಾನಿರುವ ಜಾಗದ ಒಳಗಿನ ವ್ಯವಸ್ಥೆಯನ್ನು ವಿವರಿಸುವಾಗ ಅಂಗಡಿಯ ಹೆಸರನ್ನು ಹೇಳುವುದು ಸರಿಯಲ್ಲವೆಂದು ಹೆಸರನ್ನು ಬಿಟ್ಟಿದ್ದೇನೆ. ದಕ್ಷಿಣ ಕೊಡಗಿನವರಿಗೆ ಅದನ್ನು ಪತ್ತೆ ಹಚ್ಚುವುದು ಕಷ್ಟವಾಗಲಾರದು.

ಮೊದಲು ಅಂಗಡಿ ಮಾಡುವ ಕೆಲಸದ ವಿಚಾರ. ಇತ್ತೀಚೆಗೆ ನಾನು ಅಲ್ಲಿಗೆ ಒಯ್ದದ್ದು ಅಜ್ಜನ ಕಾಲದ ಜೋಡು ನಳಿಗೆಯ 12 ಬೋರ್ ತೋಟಾ ಕೋವಿ. ಬಲ ನಳಿಗೆಯ ಕುದುರೆ (ಟ್ರಿಗರ್) ಎಳೆದರೆ ಒಮ್ಮೆ ಈಡು ಹಾರುತ್ತಿತ್ತು, ಇನ್ನೊಮ್ಮೆ ತೋಟಾದ ತಳದಲ್ಲಿ ಮದ್ದಿಗೆ ಕಿಡಿ ಕೊಡುವ ಕೇಪಿನ ಮೇಲೆ ಸಣ್ಣ ಚುಕ್ಕೆಯಷ್ಟೇ ಬಿದ್ದು ಸುಮ್ಮನಾಗುತ್ತಿತ್ತು. ಅಂಗಡಿಯ ಹಿರಿಯರು ದೋಷವೇನೆಂದು ಕೇಳುವ ಮೊದಲು ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡಗಿನಲ್ಲಿ ಕೊಡುವ ನನ್ನ ವಿನಾಯಿತಿ ಪತ್ರವನ್ನು ಕೇಳಿ ಪಡೆದು, ಕೋವಿಯನ್ನು ಮೂರು ಭಾಗವಾಗಿ ಬಿಚ್ಚಿ, ನಳಿಗೆಯ ಅಡಿಯ ನಂಬರು, ಕೀಲಿನ ಭಾಗದ ನಂಬರು, ಮುಂಗೈ ಹಿಡಿಯುವ ಮರದ ಕಬ್ಬಿಣದ ಮೇಲಿನ ನಂಬರು, ಈ ಮೂರನ್ನೂ ಬೇರೆ ಬೇರೆಯಾಗಿ ಓದಿ ಪತ್ರದೊಂದಿಗೆ ಹೋಲಿಸಿದರು. “ನಂಬರು ಸರಿ ಉಂಟು ಅಂತಾದ ಮೇಲೆಯೇ ಸ್ಕ್ರೂಡ್ರೈವರ್ ಮುಟ್ಟುವುದು ಸಾರ್” ಎಂದರು. ಹಳೆಯ ಕೋವಿಗಳಲ್ಲಿ ಒಂದರ ನಳಿಗೆಯನ್ನು ಇನ್ನೊಂದರ ಕೀಲಿಗೆ ಜೋಡಿಸಿರುವ ಉದಾಹರಣೆಗಳಿವೆ. ಪತ್ರದಲ್ಲಿ ಒಂದೇ ನಂಬರು ಬರೆದಿದ್ದರೆ ಅದು ಯಾವ ಭಾಗದ್ದೆಂಬ ಪ್ರಶ್ನೆ ನಾಳೆ ಠಾಣೆಯಲ್ಲೋ ನ್ಯಾಯಾಲಯದಲ್ಲೋ ಎದ್ದೇ ಏಳುತ್ತದೆ. ಬೇರೆ ಊರಿನ ಅಂಗಡಿಯೊಂದರಲ್ಲಿ ನನಗೆ ಒಮ್ಮೆ ಸಿಕ್ಕಿದ ರಸೀದಿಯಲ್ಲಿ ‘ಡಿಬಿಬಿಎಲ್ ಕೋವಿ ಒಂದು’, ಅಂದರೆ ಜೋಡು ನಳಿಗೆಯ ಕೋವಿ ಒಂದು, ಎಂದು ಮಾತ್ರ ಇತ್ತು, ನಂಬರು ಹೋಗಲಿ, ತಯಾರಕರ ಹೆಸರೂ ಇರಲಿಲ್ಲ. ಅಂತಹ ರಸೀದಿಯಿಂದ ಯಾರಿಗೂ ಏನನ್ನೂ ರುಜುವಾತುಪಡಿಸಲು ಆಗುವುದಿಲ್ಲ.

ನಂಬರಿನ ಪರಿಶೀಲನೆ ಮುಗಿದ ನಂತರ ಅವರು ನೋಡಿದ್ದು ನಳಿಗೆಯ ಮೇಲಿನ ಪರೀಕ್ಷಾ ಮುದ್ರೆಗಳನ್ನು. ಕೊಡಗಿನ ಮನೆಗಳಲ್ಲಿ ಬರ್ಮಿಂಗ್‌ಹ್ಯಾಮ್‌ನ ಮತ್ತು ಬೆಲ್ಜಿಯಂನ ಲೀಜ್ ಪಟ್ಟಣದ ಮುದ್ರೆ ಹೊತ್ತ ಹಳೆಯ ಕೋವಿಗಳು ಇಂದಿಗೂ ಬಳಕೆಯಲ್ಲಿವೆ. ಅವುಗಳಲ್ಲಿ ಕೆಲವು ಕರಿಮದ್ದಿನ ಒತ್ತಡಕ್ಕೆ ಮಾತ್ರ ಪರೀಕ್ಷೆಯಾದವು. ಇನ್ನು ಕೆಲವಕ್ಕೆ ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದು ಮಾಡಿದ ಡಮಾಸ್ಕಸ್ ನಳಿಗೆಗಳಿವೆ. ಹೊಗೆಯಿಲ್ಲದ ಮದ್ದಿನ ಇಂದಿನ ತೋಟಾವನ್ನು ಅವುಗಳಲ್ಲಿ ಹಾಕಿದರೆ ನಳಿಗೆ ಸಿಡಿದು ಎಡಗೈ ಹೋಗುವ ಅಪಾಯವಿದೆ. ತೋಟಾ ಕೂರುವ ಕೋಣೆಯ ಉದ್ದವೂ ಮುಖ್ಯ. ಎರಡೂವರೆ ಅಂಗುಲದ ಕೋಣೆಗೆ ಎರಡೂ ಮುಕ್ಕಾಲು ಅಂಗುಲದ ತೋಟಾ ಸಲೀಸಾಗಿ ಒಳಗೆ ಹೋಗುತ್ತದೆ, ಆದರೆ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ನನ್ನ ಕಣ್ಣೆದುರಿಗೇ ಒಬ್ಬ ಗ್ರಾಹಕರ ಡಮಾಸ್ಕಸ್ ನಳಿಗೆಯ ಕೋವಿಗೆ ತೋಟಾ ಮಾರಲು ಈ ಅಂಗಡಿಯವರು ಒಪ್ಪಲಿಲ್ಲ. ಅದನ್ನು ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗಿಡಿ, ಈಡು ಹಾರಿಸಬೇಡಿ ಎಂದು ಸ್ಪಷ್ಟವಾಗಿ ಹೇಳಿ ಕಳುಹಿಸಿದರು. ವ್ಯಾಪಾರವನ್ನು ಬಿಟ್ಟುಕೊಟ್ಟು ಗ್ರಾಹಕನ ಕೈಯನ್ನು ಉಳಿಸಿದ ಆ ನಡತೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಇಷ್ಟೊಂದು ಲೆಕ್ಕ ಏಕೆ ಬೇಕು, ನಮಗೆ ಲೈಸೆನ್ಸೇ ಬೇಡವಲ್ಲ ಎಂದು ಕೇಳುವ ಯುವಕರು ನಮ್ಮಲ್ಲಿದ್ದಾರೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಅವರು ನಿರಾಯುಧೀಕರಣ ಕಾಯ್ದೆಯಿಂದ ಕೊಡವರಿಗೆ ವಿನಾಯಿತಿ ಕೊಟ್ಟ ಘೋಷಣೆಯಿಂದ ಈ ಪದ್ಧತಿ ಆರಂಭವಾಯಿತು. ಸ್ವಾತಂತ್ರ್ಯಾನಂತರ, 1959ರ ಆಯುಧ ಕಾಯ್ದೆಯ 41ನೆಯ ಕಲಮಿನ ಅಧಿಕಾರದಡಿ 1963ರಲ್ಲಿ ಹೊರಟ ಅಧಿಸೂಚನೆಯು ಕೊಡವ ಜನಾಂಗದ ವ್ಯಕ್ತಿಗಳನ್ನೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರನ್ನೂ ಲೈಸೆನ್ಸ್ ಬೇಕೆನ್ನುವ ಆ ಕಾಯ್ದೆಯ 3 ಮತ್ತು 4ನೆಯ ಕಲಮುಗಳಿಂದ ಹೊರಗಿಟ್ಟಿತು. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರ ಅಕ್ಟೋಬರ್ ಅಂತ್ಯದವರೆಗೆ ಮುಂದುವರಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟು ಆ ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ಲೈಸೆನ್ಸಿನಿಂದ ಸಿಕ್ಕ ಬಿಡುಗಡೆ ಲೆಕ್ಕದಿಂದ ಸಿಕ್ಕ ಬಿಡುಗಡೆಯಲ್ಲ. ಕೋವಿಯ ಮೇಲಿನ ಹೆಸರು, ನಂಬರು, ಗುರುತುಗಳನ್ನು ಅಳಿಸುವುದು, ತಿದ್ದುವುದು, ಗುರುತಿಲ್ಲದ ಕೋವಿಯನ್ನು ಮಾರುವುದು ಅದೇ ಕಾಯ್ದೆಯ 8ನೆಯ ಕಲಮಿನ ಪ್ರಕಾರ ನಿಷಿದ್ಧ. ವಿನಾಯಿತಿ ಇರುವುದು 3 ಮತ್ತು 4ನೆಯ ಕಲಮಿಗೆ, 8ನೆಯದಕ್ಕಲ್ಲ. ಹುಟ್ಟಿದಾಗ ಒಂದು ಈಡು, ಸತ್ತಾಗ ಎರಡು ಈಡು, ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಈಡು ಎಂಬ ನಮ್ಮ ಪದ್ಧತಿಯನ್ನು ಉಳಿಸಿಕೊಳ್ಳಬೇಕಾದರೆ ಪ್ರತಿಯೊಂದು ಕೋವಿಯೂ ಯಾರ ಮನೆಯದೆಂದು ತೋರಿಸುವ ಸಾಮರ್ಥ್ಯ ನಮ್ಮಲ್ಲಿರಬೇಕು.

ಇನ್ನು ನನ್ನ ಕೋವಿಯ ರಿಪೇರಿಗೆ ಬರುತ್ತೇನೆ, ಏಕೆಂದರೆ ಈ ಅಂಗಡಿಯ ನಿಜವಾದ ಹೆಚ್ಚುಗಾರಿಕೆ ಇರುವುದು ಅಲ್ಲಿಯೇ. ಬಲ ನಳಿಗೆಯ ಫೈರಿಂಗ್ ಪಿನ್ನಿನ ತುದಿ ಸವೆದು ಒಂದು ಬದಿ ಮುರಿದಿತ್ತು. ಅದನ್ನು ಬದಲಿಸಿ, ಹೊಸ ಪಿನ್ನು ಹಾಕಿದ ದಿನಾಂಕ, ಯಾವ ನಳಿಗೆಯದು, ಹಳೆಯ ಪಿನ್ನಿನ ಸ್ಥಿತಿ ಏನಾಗಿತ್ತು ಎಂಬುದನ್ನು ರಿಪೇರಿ ಪುಸ್ತಕದಲ್ಲಿ ಬರೆದರು. ಹಳೆಯ ಪಿನ್ನನ್ನು ಸಣ್ಣ ಲಕೋಟೆಯಲ್ಲಿ ಹಾಕಿ, ಮೇಲೆ ಕೋವಿಯ ನಂಬರು ಬರೆದು ನನ್ನ ಕೈಗೆ ಕೊಟ್ಟರು. ಬಿಡಿಭಾಗವನ್ನು ಹಿಂತಿರುಗಿಸುವುದು ಪ್ರಾಮಾಣಿಕತೆಯ ಲಕ್ಷಣ ಎಂದಷ್ಟೇ ಬೇರೆಯವರು ತಿಳಿಯಬಹುದು. ತೋಟಾ ಕೋವಿಯ ಮಟ್ಟಿಗೆ ಆ ಲಕೋಟೆಯ ಮಹತ್ವ ಬಹಳ ದೊಡ್ಡದು. ಅದನ್ನು ವಿವರಿಸಲು ಗುಂಡಿನ ಶಾಸ್ತ್ರದ ಒಳಕ್ಕೆ ಸ್ವಲ್ಪ ಹೋಗಬೇಕಾಗುತ್ತದೆ.

ರೈಫಲ್ ಮತ್ತು ಪಿಸ್ತೂಲುಗಳ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ತೋಡುಗಳಿರುತ್ತವೆ. ಗುಂಡು ಅವುಗಳಲ್ಲಿ ಬಿಗಿಯಾಗಿ ತಿರುಗುತ್ತಾ ಹೊರಬರುವಾಗ ಅದರ ಮೈಮೇಲೆ ಗೀರುಗಳು ಮೂಡುತ್ತವೆ. ತೋಡುಗಳ ಸಂಖ್ಯೆ, ಅಗಲ, ತಿರುಗುವ ದಿಕ್ಕು ಕೋವಿಯ ಮಾದರಿಯನ್ನು ಸೂಚಿಸಿದರೆ, ಆ ಗೀರುಗಳೊಳಗಿನ ಅತಿ ಸೂಕ್ಷ್ಮ ರೇಖೆಗಳು ನಿರ್ದಿಷ್ಟವಾಗಿ ಅದೇ ನಳಿಗೆಯತ್ತ ಬೆರಳು ತೋರಿಸುತ್ತವೆ. ಎರಡು ಗುಂಡುಗಳನ್ನು ಒಂದೇ ನೋಟದಲ್ಲಿ ಅಕ್ಕಪಕ್ಕ ಕಾಣಿಸುವ ತೌಲನಿಕ ಸೂಕ್ಷ್ಮದರ್ಶಕವನ್ನು 1920ರ ದಶಕದಲ್ಲಿ ಅಮೆರಿಕದ ಫಿಲಿಪ್ ಗ್ರೇವಲ್ ಈ ಕೆಲಸಕ್ಕೆ ಹೊಂದಿಸಿದರು. ಅವರ ಸಹೋದ್ಯೋಗಿ ಕ್ಯಾಲ್ವಿನ್ ಗೊಡಾರ್ಡ್ 1929ರ ಷಿಕಾಗೋ ಹತ್ಯಾಕಾಂಡದ ತನಿಖೆಯಲ್ಲಿ ಅದನ್ನು ಬಳಸಿ ಹೆಸರಾದರು. ಜನರ ಮನಸ್ಸಿನಲ್ಲಿ ಗುಂಡಿನ ಪರೀಕ್ಷೆ ಎಂದರೆ ಇದೇ. ಆದರೆ ನಮ್ಮ ಜಿಲ್ಲೆಯ ಮನೆಗಳಲ್ಲಿ ಹೆಚ್ಚಾಗಿ ಇರುವುದು 12 ಬೋರ್ ಕೋವಿ. ಅದರ ನಳಿಗೆ ಒಳಗೆ ನುಣುಪು. ಅದರಿಂದ ಹೊರಡುವ ಚರೆಗಳು ಬಟ್ಟಲಿನಾಕಾರದ ಪ್ಲಾಸ್ಟಿಕ್ ಹೊದಿಕೆಯೊಳಗೋ ರಟ್ಟಿನ ಬಿಲ್ಲೆಯ ಮುಂದೆಯೋ ಒಟ್ಟಾಗಿ ಸಾಗುತ್ತವೆ. ದೇಹದಿಂದ ತೆಗೆದ ಚರೆಯೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟು ಇದು ಇಂಥವರ ಮನೆಯ ಕೋವಿಯದು ಎಂದು ಯಾವ ತಜ್ಞರೂ ಹೇಳಲಾರರು.

ಹಾಗಾದರೆ 12 ಬೋರ್ ಕೋವಿ ಏನನ್ನೂ ಬಿಟ್ಟು ಹೋಗುವುದಿಲ್ಲವೇ? ಬಿಟ್ಟು ಹೋಗುತ್ತದೆ, ಆದರೆ ಗಾಯದಲ್ಲಲ್ಲ, ನೆಲದ ಮೇಲೆ ಬಿದ್ದ ಖಾಲಿ ತೋಟಾದಲ್ಲಿ. ಫೈರಿಂಗ್ ಪಿನ್ನು ಕೇಪಿನ ಮೇಲೆ ಒತ್ತಿದ ಗುಳಿ, ಈಡಿನ ರಭಸಕ್ಕೆ ತೋಟಾದ ಹಿತ್ತಾಳೆ ತಳ ಹಿಂದಕ್ಕೆ ಒತ್ತಿ ಒರಗುವ ಉಕ್ಕಿನ ಮುಖದ ಅಚ್ಚು, ತೋಟಾವನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಅಂಚಿಗೆ ಮಾಡಿದ ಗಾಯ, ಇವುಗಳನ್ನು ಪರೀಕ್ಷಾರ್ಥ ಹಾರಿಸಿದ ತೋಟಾದ ಗುರುತುಗಳೊಂದಿಗೆ ಹೋಲಿಸಬಹುದು. ಜೋಡು ನಳಿಗೆಯ ಕೋವಿಯಲ್ಲಿ ಎರಡು ಪಿನ್ನುಗಳಿರುವುದರಿಂದ ಬಲದಿಂದ ಹಾರಿದ್ದೋ ಎಡದಿಂದ ಹಾರಿದ್ದೋ ಎಂಬುದನ್ನೂ ಹೇಳಲು ಸಾಧ್ಯವಾಗುತ್ತದೆ. ಈಗ ನನ್ನ ಲಕೋಟೆಯನ್ನು ನೆನಪಿಸಿಕೊಳ್ಳಿ. ಪಿನ್ನು ಬದಲಾದ ದಿನದಿಂದ ಆ ಕೋವಿಯ ಮುಖ್ಯ ಗುರುತೊಂದು ಬದಲಾಗಿದೆ. ಬದಲಾವಣೆಗೆ ಮೊದಲು ಹಾರಿದ ತೋಟಾವೊಂದು ಎಲ್ಲೋ ಸಿಕ್ಕಿ, ಅದು ನನ್ನ ಕೋವಿಯದೇ ಎಂಬ ಅನುಮಾನ ಬಂದರೆ, ಪ್ರಯೋಗಾಲಯದ ಹೋಲಿಕೆ ಸುಳ್ಳಾಗಿ ‘ಇಲ್ಲ’ ಎನ್ನಬಹುದು. ತಪ್ಪಿತಸ್ಥನೊಬ್ಬ ಪಿನ್ನು ಬದಲಿಸಿಕೊಂಡು ಪಾರಾಗುವ ದಾರಿಯೂ ಇದೇ. ರಿಪೇರಿಯ ದಿನಾಂಕ ಪುಸ್ತಕದಲ್ಲಿದ್ದು ಹಳೆಯ ಪಿನ್ನು ಮನೆಯಲ್ಲಿದ್ದರೆ ನಿರಪರಾಧಿಗೆ ಆಧಾರ ಸಿಗುತ್ತದೆ, ತನಿಖೆಗೂ ದಾರಿ ಉಳಿಯುತ್ತದೆ. ಈ ಸಣ್ಣ ಶಿಸ್ತನ್ನು ಕೊಡಗಿನ ಪ್ರತಿಯೊಂದು ಕೋವಿ ಅಂಗಡಿಯೂ ಪಾಲಿಸಬೇಕೆಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇದನ್ನು ಸರ್ಕಾರವೇ ದೊಡ್ಡ ಪ್ರಮಾಣದಲ್ಲಿ ಮಾಡಬಾರದೇಕೆ, ಪ್ರತಿ ಕೋವಿಯಿಂದ ಒಂದೊಂದು ತೋಟಾ ಹಾರಿಸಿ ಗುರುತನ್ನು ಕಂಪ್ಯೂಟರಿನಲ್ಲಿ ಸೇರಿಸಿಬಿಟ್ಟರೆ ಅಪರಾಧಿ ತಕ್ಷಣ ಸಿಕ್ಕಿಬೀಳುವುದಿಲ್ಲವೇ ಎಂಬ ಪ್ರಶ್ನೆಯನ್ನು ಗೋಣಿಕೊಪ್ಪದ ಒಂದು ಸಭೆಯಲ್ಲಿ ನನಗೆ ಕೇಳಿದ್ದರು. ಅಮೆರಿಕದ ಮೇರಿಲ್ಯಾಂಡ್ ರಾಜ್ಯ ಇದನ್ನು ಮಾಡಿ ನೋಡಿದೆ. 2000ದಲ್ಲಿ ತಂದ ಕಾನೂನಿನಂತೆ ಅಲ್ಲಿ ಮಾರಾಟವಾಗುವ ಪ್ರತಿ ಹೊಸ ಕೈಕೋವಿಯ ಜೊತೆ ಹಾರಿಸಿದ ಖಾಲಿ ತೋಟಾವೊಂದನ್ನು ತಯಾರಕರು ಕೊಡಬೇಕಾಗಿತ್ತು. ಮೂರು ಲಕ್ಷಕ್ಕೂ ಹೆಚ್ಚು ತೋಟಾಗಳು ಸಂಗ್ರಹವಾದವು, ಸುಮಾರು 50 ಲಕ್ಷ ಡಾಲರ್ ಖರ್ಚಾಯಿತು, ಆದರೂ ಆ ಸಂಗ್ರಹದ ನೆರವಿನಿಂದ ಒಂದು ಪ್ರಕರಣವೂ ಬಗೆಹರಿಯಲಿಲ್ಲ. 2015ರಲ್ಲಿ ರಾಜ್ಯವೇ ಅದನ್ನು ಕೈಬಿಟ್ಟಿತು. ನ್ಯೂಯಾರ್ಕ್ ರಾಜ್ಯ ತನ್ನ ಇಂತಹದ್ದೇ ವ್ಯವಸ್ಥೆಯನ್ನು 2012ರಲ್ಲೇ ನಿಲ್ಲಿಸಿತ್ತು. ಹೊಸ ಕೋವಿಗಳೆಲ್ಲದರ ಗುರುತುಗಳನ್ನು ಸೇರಿಸುವ ರಾಷ್ಟ್ರೀಯ ಭಂಡಾರ ಬೇಡವೆಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2008ರಲ್ಲಿ ಸಲಹೆ ನೀಡಿತು. ಒಂದೇ ಕಾರ್ಖಾನೆಯ ಒಂದೇ ಯಂತ್ರದಿಂದ ಬಂದ ಕೋವಿಗಳ ಗುರುತುಗಳು ಪರಸ್ಪರ ಬಹಳ ಹತ್ತಿರವಿರುತ್ತವೆ, ತೋಟಾದ ಬ್ರಾಂಡ್ ಬದಲಾದರೆ ಅಚ್ಚೂ ಬದಲಾಗುತ್ತದೆ, ಬಳಸಿದಂತೆ ಲೋಹ ಸವೆಯುತ್ತದೆ, ಪಿನ್ನು ಬದಲಾಗುತ್ತದೆ. ಸಂಗ್ರಹ ದೊಡ್ಡದಾದಷ್ಟೂ ಯಂತ್ರ ‘ಇರಬಹುದು’ ಎಂದು ಮುಂದಿಡುವ ಪಟ್ಟಿ ಉದ್ದವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಪರಾಧದಲ್ಲಿ ಬಳಕೆಯಾದ ಕೋವಿ ಸಂಗ್ರಹದಲ್ಲಿ ಇರಲೇಬೇಕೆಂಬ ನಿಯಮವೇನೂ ಇಲ್ಲ.

ಅದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಎರಡೂ ಕಡೆ ಬಳಕೆಯಾದದ್ದು 7.65 ಮಿ.ಮೀ. ಗುಂಡಿನ ನಾಡ ಪಿಸ್ತೂಲು, ಮತ್ತು ಅದು ಒಂದೇ ಪಿಸ್ತೂಲು ಎಂಬುದು ವಿಶೇಷ ತನಿಖಾ ದಳ ನ್ಯಾಯಾಲಯದ ಮುಂದಿಟ್ಟ ವಿಧಿವಿಜ್ಞಾನ ವರದಿಯ ಅಭಿಪ್ರಾಯ. ಗುಂಡು ಮತ್ತು ಖಾಲಿ ತೋಟಾಗಳ ಮೇಲಿನ ಗುರುತುಗಳು ಎರಡು ಊರು, ಎರಡು ವರ್ಷಗಳ ಅಂತರವಿದ್ದ ಪ್ರಕರಣಗಳನ್ನು ಒಂದೇ ದಾರಕ್ಕೆ ತಂದವು. ಅಲ್ಲಿ ಯಾವ ನೋಂದಣಿ ಪುಸ್ತಕವೂ ಕೆಲಸಕ್ಕೆ ಬರಲಿಲ್ಲ, ಬರಲು ಸಾಧ್ಯವೂ ಇರಲಿಲ್ಲ, ಏಕೆಂದರೆ ಗುಟ್ಟಾಗಿ ತಯಾರಾದ ನಾಡ ಪಿಸ್ತೂಲಿಗೆ ಯಾವ ಕಚೇರಿಯಲ್ಲೂ ಪುಟವಿರುವುದಿಲ್ಲ. ಅಪರಾಧ ಸ್ಥಳದಲ್ಲಿ ಸಿಕ್ಕಿದ್ದನ್ನು ಇನ್ನೊಂದು ಅಪರಾಧ ಸ್ಥಳದಲ್ಲಿ ಸಿಕ್ಕಿದ್ದರೊಂದಿಗೆ ಹೋಲಿಸುವುದರಲ್ಲಿ ಈ ಶಾಸ್ತ್ರಕ್ಕೆ ಬಲವಿದೆ. ಬೆಂಗಳೂರಿನ ಮಡಿವಾಳದ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೆಚ್ಚಿನ ಸಿಬ್ಬಂದಿ, ಹೆಚ್ಚಿನ ಉಪಕರಣ ಕೊಡುವುದು ಆ ಕಾರಣಕ್ಕೆ ಸಾರ್ಥಕ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡಬೇಕೆಂದು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಮಳೆಗಾಲದಲ್ಲಿ ಕಾಫಿ ತೋಟದ ದರಗಿನಡಿ ಬಿದ್ದ ಖಾಲಿ ತೋಟಾವನ್ನು ಹುಡುಕಿ ತೆಗೆಯುವ ತಾಳ್ಮೆ ಇರುವವರು ಆ ತಂಡದಲ್ಲಿ ಇರಬೇಕು.

ಈ ಶಾಸ್ತ್ರದ ಮಿತಿಯ ಬಗ್ಗೆ ಒಂದು ಮಾತನ್ನು ಸೇರಿಸುತ್ತೇನೆ. ಹೋಲಿಕೆ ಇದೆ ಎಂಬ ತೀರ್ಮಾನ ಕೊನೆಗೂ ನುರಿತ ಕಣ್ಣಿನ ಅಭಿಪ್ರಾಯ. ಈ ವಿಧಾನದ ವೈಜ್ಞಾನಿಕ ದೃಢತೆಗೆ ಸಾಕಷ್ಟು ಅಧ್ಯಯನಗಳು ನಡೆದಿಲ್ಲವೆಂದು 2016ರಲ್ಲಿ ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿ ಆಕ್ಷೇಪಿಸಿತ್ತು. ನಮ್ಮಲ್ಲಿಯೂ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೆಯ ಕಲಮಿನ ಪ್ರಕಾರ ಅದು ತಜ್ಞರ ಅಭಿಪ್ರಾಯವೇ ಹೊರತು ತೀರ್ಪಲ್ಲ. ಚರೆಗಳ ಹರಡುವಿಕೆಯಿಂದ ದೂರವನ್ನು ಅಂದಾಜಿಸುವಾಗಲೂ ಹೀಗೆಯೇ. ಚೋಕ್ (ಬಾಯಿಯ ಬಳಿ ನಳಿಗೆಯನ್ನು ಕಿರಿದಾಗಿಸಿದ ಭಾಗ) ಇಲ್ಲದ ನಳಿಗೆಯಲ್ಲಿ ಗಜಕ್ಕೆ ಸುಮಾರು ಒಂದು ಅಂಗುಲದಂತೆ ಚರೆ ಹರಡುತ್ತದೆ ಎಂಬುದು ಸ್ಥೂಲ ಲೆಕ್ಕ. ಅದೇ ಕೋವಿ, ಅದೇ ಬಗೆಯ ತೋಟಾದಿಂದ ಪರೀಕ್ಷೆ ಮಾಡದೆ ಆ ಲೆಕ್ಕವನ್ನು ನ್ಯಾಯಾಲಯದಲ್ಲಿ ಒಪ್ಪಬಾರದು. ಹಂದಿಯೆಂದು ತಿಳಿದು ಜೊತೆಗಾರನಿಗೆ ಈಡು ಹಾರಿಸಿದ ಪ್ರಕರಣದಲ್ಲಿ ಅದು ಅಚಾತುರ್ಯವೋ ಹಗೆಯೋ ಎಂಬುದು ಕೆಲವೊಮ್ಮೆ ಈ ದೂರದ ಮೇಲೆಯೇ ನಿಂತಿರುತ್ತದೆ.

ನೋಂದಣಿಯಿಂದ ಹಾಗಾದರೆ ಏನು ಪ್ರಯೋಜನ? ಅಪರಾಧವನ್ನು ಅದು ನೇರವಾಗಿ ತಡೆಯುತ್ತದೆ ಎಂದು ನಾನು ನಂಬುವುದಿಲ್ಲ. ಕೆನಡಾ ದೇಶ 1995ರ ಕಾನೂನಿನಡಿ ಉದ್ದ ನಳಿಗೆಯ ಕೋವಿಗಳನ್ನೆಲ್ಲ ನೋಂದಾಯಿಸಲು ಹೊರಟಾಗ ಶುಲ್ಕ ಕಳೆದು ಸರ್ಕಾರಕ್ಕೆ ಬೀಳುವ ಖರ್ಚು ಕೇವಲ 20 ಲಕ್ಷ ಡಾಲರ್ ಎಂದು ಹೇಳಲಾಗಿತ್ತು. 2002ರಲ್ಲಿ ಅಲ್ಲಿನ ಮಹಾಲೆಕ್ಕ ಪರಿಶೋಧಕರು ಇಡೀ ಕಾರ್ಯಕ್ರಮದ ಖರ್ಚು ಕೆಲವೇ ವರ್ಷಗಳಲ್ಲಿ ನೂರು ಕೋಟಿ ಡಾಲರ್ ದಾಟುತ್ತದೆಂದು ಸಂಸತ್ತಿಗೆ ವರದಿ ಮಾಡಿದರು. 2012ರಲ್ಲಿ ಉದ್ದ ಕೋವಿಗಳ ನೋಂದಣಿ ರದ್ದಾಯಿತು. ಆದರೂ ಪೊಲೀಸರಿಗೆ ಅದು ಬೇಕಾಗಿತ್ತೆಂಬ ವಾದವೂ ಅಲ್ಲಿ ಗಟ್ಟಿಯಾಗಿಯೇ ಇತ್ತು, ಕ್ವಿಬೆಕ್ ಪ್ರಾಂತ್ಯ ತನ್ನದೇ ನೋಂದಣಿಯನ್ನು ಮತ್ತೆ ಆರಂಭಿಸಿತು. ನ್ಯೂಜಿಲೆಂಡ್ 1983ರಲ್ಲಿ ಸಾಮಾನ್ಯ ಕೋವಿಗಳ ನೋಂದಣಿಯನ್ನು ಕೈಬಿಟ್ಟು, ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 2019ರಲ್ಲಿ 51 ಜನ ಹತರಾದ ನಂತರ ಮನಸ್ಸು ಬದಲಿಸಿ 2023ರಲ್ಲಿ ಹೊಸ ನೋಂದಣಿಯನ್ನು ತೆರೆಯಿತು. ಒಂದು ದೇಶ ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತಿರುವುದಕ್ಕೆ ಕಾರಣ ಇಷ್ಟೇ: ನೋಂದಣಿಯಿಂದ ಕೊಲೆಗಾರ ಸಿಗುವುದು ಅಪರೂಪ, ಆದರೆ ಕೋವಿ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಲ್ಲಿ ಲೆಕ್ಕ ತಪ್ಪಿತು ಎಂಬುದು ನೋಂದಣಿ ಇಲ್ಲದೆ ಸಿಗುವುದೇ ಇಲ್ಲ.

ಕೊಡಗಿನಲ್ಲಿ ಇದು ಇನ್ನೂ ಹೆಚ್ಚು ನಿಜ. ನುಣುಪು ನಳಿಗೆಯ ಕೋವಿಯ ವಿಷಯದಲ್ಲಿ ಸೂಕ್ಷ್ಮದರ್ಶಕ ಅರ್ಧ ದಾರಿಯವರೆಗೆ ಮಾತ್ರ ಬರುವುದರಿಂದ ಉಳಿದ ಅರ್ಧವನ್ನು ಪುಸ್ತಕವೇ ತುಂಬಬೇಕು. ಕಳವಾದ ಕೋವಿಯ ನಂಬರು ಠಾಣೆಯಲ್ಲಿದ್ದರೆ ಅದು ಎಲ್ಲಿ ಸಿಕ್ಕಿದರೂ ಮನೆಗೆ ಸಂಬಂಧ ಸಿಗುತ್ತದೆ. ನಂಬರನ್ನು ಅರದಿಂದ ಉಜ್ಜಿ ತೆಗೆದಿದ್ದರೂ ಅಚ್ಚೊತ್ತುವಾಗ ಒಳಗಿನ ಲೋಹ ಒತ್ತಿ ಹೋಗಿರುವುದರಿಂದ ಆಮ್ಲದ ದ್ರಾವಣ ಹಚ್ಚಿ ಅದನ್ನು ಮತ್ತೆ ಕಾಣಿಸುವಂತೆ ಮಾಡುವ ವಿಧಾನ ಪ್ರಯೋಗಾಲಯಗಳಲ್ಲಿದೆ. ಆದರೆ ಹಾಗೆ ಕಂಡ ನಂಬರನ್ನು ಹುಡುಕಿ ನೋಡಲು ಒಂದು ಪುಸ್ತಕ ಇಲ್ಲದಿದ್ದರೆ ಆ ಪರಿಶ್ರಮವೆಲ್ಲ ವ್ಯರ್ಥ. ದೇಶದಾದ್ಯಂತ ಲೈಸೆನ್ಸುದಾರರಿಗೆ ವಿಶಿಷ್ಟ ಗುರುತಿನ ಸಂಖ್ಯೆ ಕೊಟ್ಟು ರಾಷ್ಟ್ರೀಯ ದತ್ತಾಂಶದಲ್ಲಿ ಸೇರಿಸುವ ವ್ಯವಸ್ಥೆಯನ್ನು ಕೇಂದ್ರ ಗೃಹ ಸಚಿವಾಲಯ ತಂದಿದೆ. ಯಂತ್ರ ಎಷ್ಟು ದೊಡ್ಡದಾದರೂ ಅದಕ್ಕೆ ಮೊದಲ ಅಕ್ಷರ ತುಂಬುವುದು ಕೋವಿಯನ್ನು ಕೈಯಲ್ಲಿ ಹಿಡಿದು ನಂಬರು ಓದುವ ಮನುಷ್ಯನೇ. ಐದನ್ನು ಆರೆಂದು ಓದಿದರೆ ದೆಹಲಿಯ ಕಂಪ್ಯೂಟರಿನಲ್ಲೂ ಅದು ಆರಾಗಿಯೇ ಉಳಿಯುತ್ತದೆ. ಅಂಗಡಿಯ ಹಿರಿಯರು ಭೂತಗನ್ನಡಿ ಹಿಡಿದು ಮೂರು ಕಡೆ ನಂಬರು ಓದಿದ್ದನ್ನು ಮೇಲೆ ಅಷ್ಟು ವಿವರವಾಗಿ ಬರೆದದ್ದು ಇದಕ್ಕಾಗಿ.

ಎಲ್ಲ ನೋಂದಣಿಯ ಆಚೆಗೆ ಉಳಿಯುವುದು ಕೇಪಿನ ಕೋವಿ. ಬಾಯಿಂದ ಮದ್ದು, ಚರೆ ತುಂಬಿ ಸರಳಿನಿಂದ ದಮ್ಮಸು ಮಾಡಿ ಹಾರಿಸುವ ಈ ಕೋವಿಗಳಲ್ಲಿ ಕುಲುಮೆಯಲ್ಲಿ ಗುಟ್ಟಾಗಿ ತಯಾರಾದ ನಂಬರಿಲ್ಲದವೂ ಇವೆ. ಇದರಲ್ಲಿ ಖಾಲಿ ತೋಟಾ ಎಂಬುದೇ ಇಲ್ಲ, ಚರೆಯ ಮೇಲೆ ಗುರುತಿಲ್ಲ. ಹಾರಿಸಿದವನ ಕೈಮೇಲೆ ಮದ್ದಿನ ಶೇಷ ಸಿಕ್ಕರೆ ಅದು ಒಂದು ಸುಳಿವು, ಆದರೆ ಜಡಿಮಳೆಯ ಊರಿನಲ್ಲಿ, ಕೈ ತೊಳೆದುಕೊಂಡವನ ಮೇಲೆ ಅದು ಎಷ್ಟು ಹೊತ್ತು ಉಳಿದೀತು? ನಂಬರಿಲ್ಲದ ಕೇಪಿನ ಕೋವಿಯನ್ನು ರಿಪೇರಿಗೆ ತಂದವರನ್ನು ಈ ಅಂಗಡಿಯವರು ಒಳಗೇ ಸೇರಿಸುವುದಿಲ್ಲ. ಹಿರಿಯರು, ಪರಿಚಿತರು, ನೆಂಟರು ಎಂಬ ದಾಕ್ಷಿಣ್ಯ ಅಲ್ಲಿ ನಡೆಯುವುದಿಲ್ಲ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಈ ಸಣ್ಣ ಜಿಲ್ಲೆಯಲ್ಲಿ ಹಾಗೆ ನಿಷ್ಠುರವಾಗಿರುವುದು ಸುಲಭವಲ್ಲ, ಅವರು ಅದಕ್ಕೆ ಗ್ರಾಹಕರನ್ನು ಕಳೆದುಕೊಂಡಿರಲೂಬಹುದು.

ಠೇವಣಿ ಸೇವೆಯ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ಚುನಾವಣೆಯ ಕಾಲದಲ್ಲಿ ಮತ್ತು ಮನೆಯವರು ದೀರ್ಘಕಾಲ ಹೊರಗಿರುವಾಗ ಕೋವಿಯನ್ನು ಅಧಿಕೃತ ಅಂಗಡಿಯಲ್ಲಿ ಇಡುವ ಅನುಕೂಲ ದೊಡ್ಡದು. ಬೀಗ ಹಾಕಿದ ಮನೆಯಲ್ಲಿ ಕೋವಿ ಬಿಟ್ಟು ಬೆಂಗಳೂರಿಗೋ ಮೈಸೂರಿಗೋ ಹೋಗುವುದಕ್ಕಿಂತ ಇದು ಸಾವಿರ ಪಾಲು ಮೇಲು. ರಸೀದಿಯಲ್ಲಿ ನಂಬರು, ಬೋರ್, ಜೊತೆಗಿಟ್ಟ ತೋಟಾಗಳ ಲೆಕ್ಕ, ಕಂಡುಬಂದ ಹಾನಿ, ಇಬ್ಬರ ಸಹಿ ಎಲ್ಲವೂ ಇರುತ್ತದೆ. ಅಲ್ಲಿಯವರೆಗೆ ದೂರಲು ಏನೂ ಇಲ್ಲ. ಆದರೆ ಕೋವಿಗಳನ್ನು ನಿಲ್ಲಿಸುವ ಒಳಕೋಣೆಯಲ್ಲಿ ಗಾಳಿಯಾಡುವುದು ಕಡಿಮೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಅದು ತಕ್ಕದ್ದಲ್ಲ. ಮಳೆಗಾಲ ಕಳೆದು ತಂದ ಕೋವಿಯೊಂದರ ನಳಿಗೆಯೊಳಗೆ ಕಿಲುಬಿನ ಚುಕ್ಕೆಗಳು ಎದ್ದಿದ್ದವು, ತೋಟಾ ಒರಗುವ ಮುಖದ ಮೇಲೂ ತುಕ್ಕಿನ ಕಲೆ ಇತ್ತು. ಆ ಮುಖದ ಮೇಲಿನ ತುಕ್ಕು, ಅದನ್ನು ತೆಗೆಯಲು ಉಜ್ಜುವ ಉಪ್ಪುಕಾಗದ ಎರಡೂ ಮೇಲೆ ಹೇಳಿದ ಗುರುತುಗಳನ್ನು ಅಳಿಸುತ್ತವೆ. ಅಂಗಡಿಯವರು ಎಣ್ಣೆ ಹಚ್ಚಿ ಶುಚಿಗೊಳಿಸಿ ಅದಕ್ಕೆ ಹಣ ಪಡೆಯಲಿಲ್ಲ ಎಂಬುದನ್ನೂ ಹೇಳಲೇಬೇಕು. ಆದರೂ ಠೇವಣಿಯ ಶುಲ್ಕ ಪಡೆಯುವವರು ತೇವ ಹೀರುವ ವ್ಯವಸ್ಥೆಯೊಂದನ್ನು ಆ ಕೋಣೆಗೆ ಮಾಡಿಸಬೇಕು, ತಿಂಗಳಿಗೊಮ್ಮೆಯಾದರೂ ಕೋವಿಗಳನ್ನು ಒರೆಸಿ ಎಣ್ಣೆ ಕೊಟ್ಟ ದಾಖಲೆಯನ್ನು ಇಡಬೇಕು.

ತೋಟಾ ಮಾರಾಟದಲ್ಲಿಯೂ ಒಂದು ಕೊರತೆ ಇದೆ. ಪುಣೆಯ ಖಡಕಿ ಕಾರ್ಖಾನೆಯ ಶಕ್ತಿಮಾನ್ ತೋಟಾಗಳು, ಅವುಗಳಲ್ಲಿ ಎಸ್‌ಜಿ, ಎಲ್‌ಜಿ, ಬಿಬಿ ಮೊದಲಾದ ಚರೆಯ ಅಳತೆಗಳು ಸಾಮಾನ್ಯವಾಗಿ ಸಿಗುತ್ತವೆ. ಖರೀದಿಸಿದ ಸಂಖ್ಯೆಯನ್ನು ಪತ್ರದಲ್ಲೂ ಪುಸ್ತಕದಲ್ಲೂ ತಪ್ಪದೆ ಬರೆಯುತ್ತಾರೆ. ಆದರೆ ಪೆಟ್ಟಿಗೆಯ ಮೇಲಿನ ಲಾಟ್ ನಂಬರನ್ನು ಬಿಲ್ಲಿನಲ್ಲಿ ಬರೆಯುವುದಿಲ್ಲ. ಸಿಕ್ಕಿದ ಖಾಲಿ ತೋಟಾ ಯಾವ ತಯಾರಿಕೆಯದು, ಯಾವ ವರ್ಷ ಮಾರಾಟವಾದದ್ದು ಎಂದು ಹಿಂದಕ್ಕೆ ಹುಡುಕುವಾಗ ಆ ಒಂದು ಸಾಲು ಬಹಳ ಉಪಕಾರಿ. ಬರೆಯಲು ಅರ್ಧ ನಿಮಿಷವೂ ಬೇಡ. ಈ ಮಾತನ್ನು ಅವರಿಗೇ ಹೇಳಿದ್ದೇನೆ, ಬಿಲ್ಲಿನ ಪುಸ್ತಕ ಮರುಮುದ್ರಣವಾದಾಗ ಅದಕ್ಕೊಂದು ಅಂಕಣ ಸೇರಿಸುವುದಾಗಿ ಒಪ್ಪಿದ್ದಾರೆ.

ರಿಪೇರಿಯ ದರಗಳು ಫಲಕದ ಮೇಲಿವೆ, ಅದಕ್ಕಿಂತ ಹೆಚ್ಚು ಕೇಳಿದ್ದನ್ನು ನಾನು ನೋಡಿಲ್ಲ. ಮರದ ಹಿಡಿಯ ಕೆಲಸ ಅಷ್ಟು ನಯವಲ್ಲ, ಅದಕ್ಕೆ ಬೇರೆಡೆ ಒಳ್ಳೆಯ ಬಡಗಿಗಳಿದ್ದಾರೆ. ಆದರೆ ಹಿಡಿಯನ್ನು ಮಾತ್ರ ಬಿಚ್ಚಿ ಒಯ್ಯಿರಿ, ಕೋವಿಯನ್ನು ಬಡಗಿಯ ಬಳಿ ಬಿಟ್ಟು ಬರಬೇಡಿ. ಕಬ್ಬಿಣದ ಕೆಲಸಕ್ಕೂ ದಫ್ತರದ ಶುದ್ಧತೆಗೂ ಐದಕ್ಕೆ ಐದು ಅಂಕ ಕೊಡುತ್ತೇನೆ, ಠೇವಣಿಗೆ ಮೂರು. ಅಜ್ಜ, ಅಪ್ಪನಿಂದ ಬಂದ ಕೋವಿ ಇನ್ನೂ ಅವರ ಹೆಸರಿನಲ್ಲೇ ಇದ್ದರೆ ಅಂಗಡಿಗೆ ಹೋಗುವ ಮೊದಲು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಪತ್ರವನ್ನು ಸರಿಪಡಿಸಿಕೊಳ್ಳಿ. ತೀರಿಹೋದವರ ಹೆಸರಿನ ಪತ್ರದ ಮೇಲೆ ಇವರು ಕೋವಿಯನ್ನು ರಿಪೇರಿಗೆ ತೆಗೆದುಕೊಳ್ಳುವುದಿಲ್ಲ. ಮೂಲ ಪತ್ರವನ್ನೇ ತೆಗೆದುಕೊಂಡು ಹೋಗಿ, ಜೆರಾಕ್ಸ್ ಪ್ರತಿಯನ್ನು ಅವರು ಒಪ್ಪುವುದಿಲ್ಲ. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್‌ಗೆ ಮುಂಚಿನ ವಾರಗಳಲ್ಲಿ ಕೆಲಸ ಬಹಳ ತುಂಬಿರುವುದರಿಂದ ರಿಪೇರಿ ಇರುವವರು ಜುಲೈ ತಿಂಗಳಲ್ಲೇ ಕೊಡುವುದು ಒಳ್ಳೆಯದು.